ಗ್ಯಾಸ್ ಗೀಸರಿನ ಪರದೆಯ ಮೇಲೆ ಇ-1 ಬರುತ್ತಿದೆ: ಬೋರ್ಡು ಬದಲಿಸಲೇಬೇಕೇ?

ತಿಲಕವಾಡಿಯವ, ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಸಿಲಿಂಡರಿನಿಂದ ನಡೆಯುವ, ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗ್ಯಾಸ್ ಗೀಸರ್. ಬಚ್ಚಲುಮನೆಯ ಹೊರಗೆ, ಮೊದಲ ಮಹಡಿಯ ಹಿಂಬದಿಯ ತೆರೆದ ಬಾಲ್ಕನಿಯ ಗೋಡೆಗೆ ಅದನ್ನು ಹಾಕಿಸಿದ್ದೇವೆ. ಥಂಡಿ ಶುರುವಾದಾಗಿನಿಂದ ಅದು ಸತಾಯಿಸುತ್ತಿದೆ. ನಳ ತಿರುಗಿಸಿದರೆ ಟಕಟಕ ಸದ್ದು ಮಾಡಿ ಸರಿಯಾಗಿಯೇ ಹೊತ್ತಿಕೊಳ್ಳುತ್ತದೆ, ನೀರೂ ಬಿಸಿಯಾಗಿ ಬರಲಾರಂಭಿಸುತ್ತದೆ. ಮೈಗೆ ಸಾಬೂನು ಹಚ್ಚಿಕೊಂಡ ಹೊತ್ತಿಗೆ ಸರಿಯಾಗಿ ಬೆಂಕಿ ಆರಿ, ಪರದೆಯ ಮೇಲೆ ಇ-1 ಎಂದು ಮಿನುಗುತ್ತದೆ. ನಳ ಮುಚ್ಚಿ ಮತ್ತೆ ತೆರೆದರೆ ಕೆಲವೊಮ್ಮೆ ಹೊತ್ತುತ್ತದೆ, ಕೆಲವೊಮ್ಮೆ ಇಲ್ಲ. ಆದರೆ ಮಧ್ಯಾಹ್ನ ಬಟ್ಟೆ ನೆನೆಸಲೆಂದು ಬಿಸಿನೀರು ಬಿಟ್ಟರೆ ಯಾವ ತಕರಾರೂ ಇಲ್ಲದೆ ಉರಿಯುತ್ತದೆ.

ಮೆಕ್ಯಾನಿಕ್ ಬಂದು ಮುಚ್ಚಳ ತೆಗೆದು ನೋಡಿ, ಬೋರ್ಡು (ಒಳಗಿನ ಎಲೆಕ್ಟ್ರಾನಿಕ್ ಸರ್ಕಿಟ್ ಹಲಗೆ) ಹೋಗಿದೆ, ಬದಲಿಸಬೇಕು ಎಂದರು. ಅವರು ಹೇಳಿದ ದರ ಹೊಸ ಗೀಸರಿನ ಅರ್ಧ ಬೆಲೆಯ ಸಮೀಪಕ್ಕೆ ಬರುತ್ತದೆ. ಗೀಸರಿನ ಜೊತೆ ಬಂದಿದ್ದ ಪುಸ್ತಿಕೆ ಸಿಗುತ್ತಿಲ್ಲ. ಇ-1 ಎಂದರೆ ಬೋರ್ಡು ಕೆಟ್ಟಿದೆ ಎಂದೇ ಅರ್ಥವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಶಹಾಪುರ ಪೇಟೆ:
ಸೆಲ್ ಬದಲಿಸಿ ನೋಡಿ. ನೂರಕ್ಕೆ ತೊಂಬತ್ತು ಸಲ ಅದೇ ಇರುತ್ತದೆ.

ತಿಲಕವಾಡಿಯವ, ಬೆಳಗಾವಿ:
ಮೆಕ್ಯಾನಿಕ್ ಬರುವ ಮೊದಲೇ ಎರಡೂ ದೊಡ್ಡ ಸೆಲ್‌ಗಳನ್ನು ಹೊಸದಾಗಿ ಹಾಕಿದ್ದೇನೆ. ಏನೂ ಫರಕು ಬೀಳಲಿಲ್ಲ.

ಶಹಾಪುರ ಪೇಟೆ:
ಅಂಗಡಿಯವರು ಹೊಸದೆಂದು ಕೊಟ್ಟದ್ದೆಲ್ಲ ಹೊಸದಾಗಿರುವುದಿಲ್ಲ. ಎರಡೂ ಸೆಲ್ ಸೇರಿ 3 ವೋಲ್ಟ್ ತೋರಿಸಬೇಕು. ಕಿಡಿ ಹಾರುತ್ತಿರುವಾಗಲೇ ಮೀಟರ್ ಹಿಡಿದು ಅಳೆಯಬೇಕು, ಸುಮ್ಮನಿದ್ದಾಗ ಅಳೆದರೆ ಸತ್ತ ಸೆಲ್ ಕೂಡ ಚೆನ್ನಾಗಿರುವಂತೆಯೇ ಕಾಣುತ್ತದೆ.

ಜಮಖಂಡಿ ಫಿಟ್ಟರ್:
ತಿಲಕವಾಡಿ ಸಾಹೇಬರೇ, ಬೋರ್ಡಿಗೆ ಹಣ ಕೊಡುವ ಮೊದಲು ಗೀಸರ್ ಯಾವ ಕ್ರಮದಲ್ಲಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಒಮ್ಮೆ ನೋಡೋಣ. ನಳ ತೆರೆದಾಗ ಹರಿಯುವ ನೀರಿನ ಒತ್ತಡಕ್ಕೆ ಡಯಾಫ್ರಾಮ್ ಎನ್ನುವ ರಬ್ಬರ್ ಹಾಳೆ ಉಬ್ಬಿ ಒಂದು ಸಣ್ಣ ಸರಳನ್ನು ದೂಡುತ್ತದೆ, ಆ ಸರಳು ಮೈಕ್ರೋಸ್ವಿಚ್ಚನ್ನು ಒತ್ತಿದಾಗ ಮಾತ್ರ ಬೋರ್ಡಿಗೆ ವಿದ್ಯುತ್ತು ಸಿಗುತ್ತದೆ. ಬೋರ್ಡು ಕಿಡಿ ಹಾರಿಸುತ್ತಲೇ ಗ್ಯಾಸಿನ ಸೊಲೆನಾಯ್ಡ್ ವಾಲ್ವನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ವಾಲ್ವನ್ನು, ತೆರೆಯುತ್ತದೆ. ಕೆಲವೇ ಸೆಕೆಂಡುಗಳೊಳಗೆ, ಬರ್ನರಿನ ಮೇಲಕ್ಕೆ ಚಾಚಿಕೊಂಡಿರುವ ಸೆನ್ಸರ್ ಕಡ್ಡಿಯು ಬೆಂಕಿ ಇದೆಯೆಂದು ತಿಳಿಸಬೇಕು. ತಿಳಿಸದಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹೊತ್ತಿದ ಮೇಲೂ ಆ ಕಡ್ಡಿ ಕಾವಲು ಬಿಡುವುದಿಲ್ಲ, ಬೆಂಕಿ ಕಾಣದಂತಾದರೆ ಆ ಕ್ಷಣವೇ ಗ್ಯಾಸ್ ನಿಲ್ಲುತ್ತದೆ.

ಪರದೆ ಇರುವ ಬಹಳಷ್ಟು ಮಾದರಿಗಳಲ್ಲಿ ಇ-1 ಎಂದರೆ ಬೆಂಕಿ ಹೊತ್ತಲಿಲ್ಲ, ಇಲ್ಲವೇ ಹೊತ್ತಿದ್ದು ನಡುವೆ ಆರಿತು ಎಂದರ್ಥ. ಇ-0 ಸಾಮಾನ್ಯವಾಗಿ ನೀರಿನ ಉಷ್ಣತೆ ಅಳೆಯುವ ಸೆನ್ಸರಿನದು. ಇದರ ಮುಂದಿನ ಅಂಕಿಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತವೆ, ಆದ್ದರಿಂದ ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರ ಗೀಸರ್ ರಿಪೇರಿ ಮಾಡಬಾರದು. ಯಾವ ತಪಾಸಣೆಯಲ್ಲಿ ಯಂತ್ರ ತಡೆದು ನಿಂತಿತು ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಈ ಅಂಕಿಗಳು ಹೇಳುವುದಿಲ್ಲ. ಬೆಂಕಿ ಏಕೆ ಆರಿತು ಎಂಬುದನ್ನು ನಾವೇ ಹುಡುಕಬೇಕು. ಮಧ್ಯಾಹ್ನ ಸುಸೂತ್ರವಾಗಿ ನಡೆದು ಮುಂಜಾನೆ ಮಾತ್ರ ಕೈಕೊಡುವ ಬೋರ್ಡು ಇರಬಾರದೆಂದೇನಿಲ್ಲ, ಆದರೆ ನನ್ನ ಅನುಮಾನದ ಸಾಲಿನಲ್ಲಿ ಅದು ಕೊನೆಯದು.

ಮೂರು ಸಂಗತಿ ತಿಳಿಸಿ. ಆರುವ ಮೊದಲು ಬೆಂಕಿಯ ಬಣ್ಣ ನೀಲಿಯೋ ಹಳದಿಯೋ? ಗೀಸರಿಗೆ ಬೇರೆ ಸಿಲಿಂಡರ್ ಇದೆಯೋ, ಅಡುಗೆಯ ಸಿಲಿಂಡರಿನಿಂದಲೇ ಪೈಪು ಬಂದಿದೆಯೋ? ನೀರಿನ ಟಾಕಿ ಎಷ್ಟು ಎತ್ತರದಲ್ಲಿದೆ?

ತಿಲಕವಾಡಿಯವ, ಬೆಳಗಾವಿ:
ಬೆಂಕಿ ನೀಲಿಯಾಗಿಯೇ ಇದೆ, ಆದರೆ ಆರುವ ಮೊದಲು ಗಿಡ್ಡವಾಗುವುದನ್ನು ಗಮನಿಸಿದ್ದೇನೆ. ಸಿಲಿಂಡರ್ ಒಂದೇ. ಅದು ಕೆಳಗೆ ಅಡುಗೆಮನೆಯ ಹೊರಗಿದೆ, ರೆಗ್ಯುಲೇಟರಿನ ನಂತರ ಟೀ (ಪೈಪನ್ನು ಎರಡಾಗಿ ಕವಲೊಡೆಸುವ ಜೋಡಣೆ) ಹಾಕಿ ಒಂದು ಕವಲನ್ನು ಒಲೆಗೂ ಇನ್ನೊಂದನ್ನು ಮೇಲಿನ ಗೀಸರಿಗೂ ಕೊಟ್ಟಿದ್ದಾರೆ. ಟಾಕಿ ಎರಡನೆಯ ಮಹಡಿಯ ತಾರಸಿಯ ಮೇಲಿದೆ.

ಖಡೇಬಜಾರ್ ಕಾಕಾ:
ಇದರಲ್ಲಿ ಇಷ್ಟೊಂದು ವಿಚಾರಿಸುವುದೇನಿದೆ? ಥಂಡಿಗೆ ಸಿಲಿಂಡರಿನೊಳಗಿನ ಗ್ಯಾಸು ಹೆಪ್ಪುಗಟ್ಟುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ಡಿಸೆಂಬರಿನಲ್ಲಿ ಸಿಲಿಂಡರನ್ನು ಬಿಸಿನೀರಿನ ಬುಟ್ಟಿಯಲ್ಲಿ ಇಡುತ್ತಾರೆ. ಎರಡು ನಿಮಿಷದಲ್ಲಿ ಒಲೆ ಜೋರಾಗುತ್ತದೆ.

ರಸಾಯನ ಮೇಷ್ಟ್ರು, ವಿದ್ಯಾಗಿರಿ, ಬಾಗಲಕೋಟೆ:
ಕಾಕಾ, ಕ್ಷಮಿಸಿ, ಆದರೆ ಇದನ್ನು ಓದಿ ಯಾರಾದರೂ ಹಾಗೆಯೇ ಮಾಡಿಬಿಡುತ್ತಾರೆಂಬ ಭಯಕ್ಕೆ ಬರೆಯುತ್ತಿದ್ದೇನೆ. ಸಿಲಿಂಡರನ್ನು ಕಾಯಿಸಬಾರದು, ಬಿಸಿನೀರಿನಿಂದಲೂ ಬೇಡ. ನಮ್ಮ ಅಡುಗೆ ಅನಿಲ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನ್ ಸುಮಾರು ಮೈನಸ್ 42 ಡಿಗ್ರಿಯಲ್ಲಿ ಕುದಿದರೆ ಬ್ಯೂಟೇನ್ ಮೈನಸ್ 0.5 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಳಗಾವಿಯ ಚಳಿ ಎಷ್ಟೇ ಹೆಸರುವಾಸಿಯಾಗಿದ್ದರೂ ಅಲ್ಲಿ ಸೊನ್ನೆ ಡಿಗ್ರಿಯ ಮುಂಜಾನೆಗಳಿಲ್ಲ, ಹೆಪ್ಪುಗಟ್ಟುವ ಮಾತಂತೂ ದೂರವೇ ಉಳಿಯಿತು.

ನೀವು ಕಂಡದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ದ್ರವ ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಗ್ಯಾಸನ್ನು ರಭಸದಿಂದ ಎಳೆಯುತ್ತಿದ್ದರೆ ಸಿಲಿಂಡರ್ ತಣ್ಣಗಾಗಿ ಹೊರಮೈಗೆ ನೀರಿನ ಹನಿ ಕಟ್ಟುತ್ತದೆ, ಒಳಗಿನ ಒತ್ತಡವೂ ಇಳಿಯುತ್ತದೆ. ಸಿಲಿಂಡರ್ ಮುಗಿಯುತ್ತ ಬಂದಾಗ, ಅದರಲ್ಲೂ ತಣ್ಣನೆಯ ಮುಂಜಾನೆ, ಇದು ಹೆಚ್ಚು. ಆಗ ಮಾಡಬೇಕಾದದ್ದು ಗ್ಯಾಸ್ ಎಳೆಯುವುದನ್ನು ಕಡಿಮೆ ಮಾಡುವುದು ಅಥವಾ ತುಂಬಿದ ಸಿಲಿಂಡರ್ ಹಚ್ಚುವುದು.

ಖಡೇಬಜಾರ್ ಕಾಕಾ:
ಮೇಷ್ಟ್ರೇ, ಪುಸ್ತಕದ ಬ್ಯೂಟೇನ್ ಬೇರೆ, ನಮ್ಮ ಓಣಿಯ ಬ್ಯೂಟೇನ್ ಬೇರೆ.

ರಸಾಯನ ಮೇಷ್ಟ್ರು, ವಿದ್ಯಾಗಿರಿ, ಬಾಗಲಕೋಟೆ:
ನಿಮ್ಮ ಓಣಿಗೂ ಅದೇ ನಿಯಮ ಅನ್ವಯಿಸುತ್ತದೆ, ಕಾಕಾ.

ಲೆಕ್ಕದ ಅಕ್ಕ, ಹನುಮಾನ ನಗರ:
ಬೆಂಕಿ ಗಿಡ್ಡವಾಗಿ ಆರುತ್ತದೆ, ಸಿಲಿಂಡರ್ ಒಂದೇ, ಮುಂಜಾನೆ ಮಾತ್ರ ತೊಂದರೆ. ಈ ಮೂರನ್ನು ಸೇರಿಸಿ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೊಕ್ಯಾಲೊರಿ ಬೇಕು. ನಿಮಿಷಕ್ಕೆ 6 ಲೀಟರಿನಂತೆ ನೀರನ್ನು 25 ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ 150, ಗಂಟೆಗೆ 9,000 ಕಿಲೊಕ್ಯಾಲೊರಿ. ಗೀಸರಿನ ದಕ್ಷತೆಯನ್ನು ಶೇಕಡ 85 ಎಂದು ಹಿಡಿದರೆ ಬೇಕಾಗುವುದು ಸುಮಾರು 10,600. ಅಡುಗೆ ಅನಿಲ ಕಿಲೊಗೆ ಸುಮಾರು 11,000 ಕಿಲೊಕ್ಯಾಲೊರಿ ಕೊಡುತ್ತದೆ. ಅಂದರೆ ಗೀಸರ್ ಪೂರ್ತಿ ಉರಿಯುವಾಗ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೊ ಗ್ಯಾಸ್ ಎಳೆಯುತ್ತದೆ. ಒಲೆಯ ದೊಡ್ಡ ಬರ್ನರ್ ಎಳೆಯುವುದು ಅದರ ಐದನೆಯ ಒಂದು ಭಾಗ, ಸುಮಾರು 200 ಗ್ರಾಂ.

ಮನೆಬಳಕೆಯ ರೆಗ್ಯುಲೇಟರ್ ಹೊರಗೆ ಬಿಡುವ ಒತ್ತಡ 30 ಮಿಲಿಬಾರ್ ಮಾತ್ರ. ಮುಂಜಾನೆ ಕೆಳಗೆ ಒಂದು ಬರ್ನರಿನ ಮೇಲೆ ಚಹಾ, ಇನ್ನೊಂದರ ಮೇಲೆ ಕುಕ್ಕರ್ ಇರುವ ಹೊತ್ತಿನಲ್ಲಿಯೇ ಮೇಲೆ ಸ್ನಾನ ನಡೆಯುತ್ತದೆ. ಆಗ ರೆಗ್ಯುಲೇಟರಿನ ಮೂಲಕ ಹಾಯುವ ಗ್ಯಾಸ್ ಗಂಟೆಗೆ ಒಂದು ಕಿಲೊದಿಂದ ಒಂದೂ ಕಾಲು ಒಂದೂವರೆ ಕಿಲೊದವರೆಗೆ ಏರುತ್ತದೆ. ಹರಿವು 1.4 ಪಟ್ಟು ಆದರೆ ದಾರಿಯಲ್ಲಿ ಕಳೆದುಹೋಗುವ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ, ಏಕೆಂದರೆ ಅದು ಹರಿವಿನ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. ಇರುವುದೇ 30 ಮಿಲಿಬಾರ್ ಎಂದಾಗ ಕೆಳಗಿನಿಂದ ಮೇಲಿನ ಮಹಡಿಯವರೆಗಿನ ಸಣ್ಣ ರಂಧ್ರದ ಪೈಪಿನ ಕೊನೆಗೆ ಎಷ್ಟು ಉಳಿದೀತು? ಮಧ್ಯಾಹ್ನ ಒಲೆ ಆರಿರುತ್ತದೆ, ಗೀಸರ್ ಉರಿಯುತ್ತದೆ.

ಇದನ್ನು ಪರೀಕ್ಷಿಸಲು ಖರ್ಚಿಲ್ಲ. ಮಧ್ಯಾಹ್ನ ಗೀಸರ್ ಉರಿಯುತ್ತಿರುವಾಗ ಕೆಳಗೆ ಎರಡೂ ಬರ್ನರುಗಳನ್ನು ದೊಡ್ಡದಾಗಿ ಹಚ್ಚಿಸಿ. ಇ-1 ಬಂದರೆ ಬೋರ್ಡು ನಿರಪರಾಧಿ.

ಜಮಖಂಡಿ ಫಿಟ್ಟರ್:
ಅಕ್ಕಾವರು ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ: ಪರೀಕ್ಷೆ ಮಾಡುವಾಗ ಒಲೆಯ ಹತ್ತಿರ ಒಬ್ಬರು ನಿಂತಿರಬೇಕು. ಒತ್ತಡ ಇಳಿದು ಒಲೆಯ ಬೆಂಕಿಯೇ ಆರಿದರೆ ಗೀಸರಿನಂತೆ ತಾನಾಗಿ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ನಮ್ಮ ಹೆಚ್ಚಿನ ಒಲೆಗಳಲ್ಲಿ ಇರುವುದಿಲ್ಲ.

ನವನಗರದ ಹುಡುಗ, ಬಾಗಲಕೋಟೆ:
ಲೆಕ್ಕ, ವರ್ಗ ಎಲ್ಲ ಇರಲಿ. ನಮ್ಮ ಗೀಸರಿನಲ್ಲಿಯೂ ಹೀಗೆಯೇ ಪದೇ ಪದೇ ಸಂಕೇತ ಬರುತ್ತಿತ್ತು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಸೆನ್ಸರಿನ ಎರಡು ತಂತಿಗಳನ್ನು ಕಿತ್ತು ಒಂದಕ್ಕೊಂದು ಕೂಡಿಸಿ ಟೇಪು ಸುತ್ತಿದರು. ಆಮೇಲೆ ಒಮ್ಮೆಯೂ ನಿಂತಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಇಷ್ಟುದ್ದದ ಪುರಾಣ ಬೇಕೇ?

ಜಮಖಂಡಿ ಫಿಟ್ಟರ್:
ತಮ್ಮಾ, ಆ ಟೇಪನ್ನು ಇವತ್ತೇ ಬಿಚ್ಚಿಸು. ನೀನು ಬರೆದುದರಿಂದಲೇ ಅವರು ಕೂಡಿಸಿದ್ದು ಬೆಂಕಿಯ ಸೆನ್ಸರ್ ಅಲ್ಲವೆಂದು ಗೊತ್ತಾಗುತ್ತದೆ. ಬೆಂಕಿಯ ಕಡ್ಡಿಗೆ ಬರುವುದು ಒಂದೇ ತಂತಿ. ಉರಿಯುವ ಜ್ವಾಲೆಯ ಮೂಲಕ ಕಡ್ಡಿಯಿಂದ ಬರ್ನರಿಗೆ ಕೆಲವೇ ಮೈಕ್ರೊಆಂಪಿಯರಿನಷ್ಟು ವಿದ್ಯುತ್ತು, ಅದೂ ಒಂದೇ ದಿಕ್ಕಿನಲ್ಲಿ ಹೆಚ್ಚಾಗಿ ಹರಿಯುತ್ತದೆ, ಬೋರ್ಡು ಗುರುತಿಸುವುದು ಅದನ್ನೇ. ಆ ತಂತಿಯನ್ನು ಗೀಸರಿನ ಲೋಹದ ಮೈಗೆ ಕೂಡಿಸಿದರೆ ಈ ಏಕಮುಖದ ಹರಿವು ಸಿಗುವುದಿಲ್ಲ, ಗೀಸರ್ ಹೊತ್ತುವುದೂ ಇಲ್ಲ. ಎರಡು ತಂತಿಯಿದ್ದು, ಕೂಡಿಸಿದಾಗ ತಕರಾರು ನಿಂತಿತೆಂದರೆ ಅದು ಅತಿಯಾಗಿ ಕಾದಾಗ ಗ್ಯಾಸ್ ಕಡಿಯುವ ಥರ್ಮಲ್ ಕಟ್-ಆಫ್ ಆಗಿರಬೇಕು. ಈಗ ನಿನ್ನ ಗೀಸರಿನಲ್ಲಿ ನೀರು ಕಟ್ಟಿಕೊಂಡು ತಾಮ್ರದ ಸುರುಳಿ ಕೆಂಪಾದರೂ ತಡೆಯುವವರಿಲ್ಲ.

ನವನಗರದ ಹುಡುಗ, ಬಾಗಲಕೋಟೆ:
ಇಷ್ಟು ದಿನ ಏನೂ ಆಗಿಲ್ಲವಲ್ಲ?

ದವಾಖಾನೆ ಸಿಸ್ಟರ್, ವಿಜಯಪುರ:
ಏನಾದರೂ ಆದ ಮೇಲೆ ಹೀಗೆ ಕೇಳಲು ಬಹಳ ಜನ ಉಳಿದಿರುವುದಿಲ್ಲ. ತುಸು ಕಟುವಾಗಿ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ಗೀಸರ್ ಬಚ್ಚಲುಮನೆಯೊಳಗೇ ಇದೆಯೇ?

ನವನಗರದ ಹುಡುಗ, ಬಾಗಲಕೋಟೆ:
ಹೌದು, ಒಳಗೇ ಇದೆ. ಮೇಲೆ ಗಾಜಿನ ಪಟ್ಟಿಯ ಕಿಟಕಿ ಇದೆ. ಥಂಡಿಗೆ ಅದಕ್ಕೆ ರಟ್ಟು ಇಟ್ಟಿದ್ದೇವೆ.

ದವಾಖಾನೆ ಸಿಸ್ಟರ್, ವಿಜಯಪುರ:
ಆ ರಟ್ಟನ್ನು ಮೊದಲು ತೆಗೆಯಿರಿ, ಗೀಸರನ್ನು ಹೊರಗೆ ಹಾಕಿಸುವವರೆಗೆ ಅದನ್ನು ಹಚ್ಚಲೇಬೇಡಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ, ಗ್ಯಾಸ್ ಪೂರ್ತಿ ಸುಡದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಗ್ಯಾಸು ಸೋರಿದರೆ ಗೊತ್ತಾಗಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ, ಆದರೆ ಈ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಗುವುದು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು, ಆಮೇಲೆ ಎಚ್ಚರ ತಪ್ಪುವುದು. ಬಾಗಿಲ ಚಿಲಕ ತೆಗೆಯಬೇಕೆಂಬ ಬುದ್ಧಿಯಿದ್ದರೂ ಕೈ ಏಳುವುದಿಲ್ಲ. ಸ್ನಾನಕ್ಕೆ ಹೋದವರು ಬಹಳ ಹೊತ್ತಾದರೂ ಬರಲಿಲ್ಲವೆಂದು ಬಾಗಿಲು ಒಡೆದ ಮನೆಗಳ ಕಥೆ ನಮ್ಮ ಕಡೆ ಪ್ರತಿ ಚಳಿಗಾಲವೂ ಕೇಳಿಬರುತ್ತದೆ. ಯಾರಿಗಾದರೂ ಹಾಗಾದರೆ ಮೊದಲು ಗಾಳಿಗೆ ತಂದು, ತಡಮಾಡದೆ ಆಮ್ಲಜನಕ ಸಿಗುವ ಆಸ್ಪತ್ರೆಗೆ ಒಯ್ಯಬೇಕು.

ಶಹಾಪುರ ಪೇಟೆ:
ಒಳಗಿನ ಗಾಳಿ ಹೊರಗೆಳೆಯುವ ಫ್ಯಾನ್ ಹಾಕಿದರೆ ನಡೆಯುವುದಿಲ್ಲವೇ, ಸಿಸ್ಟರ್?

ಜಮಖಂಡಿ ಫಿಟ್ಟರ್:
ನಾನು ಉತ್ತರಿಸುತ್ತೇನೆ. ಫ್ಯಾನ್ ಗಾಳಿಯನ್ನು ಹೊರಗೆಳೆದಷ್ಟೇ ಗಾಳಿ ಒಳಗೆ ಬರಲು ಕೆಳಗೆ ಕಿಂಡಿ ಬೇಕು. ಕಿಂಡಿ ಇಲ್ಲದೆ ಬಾಗಿಲು ಹಾಕಿದರೆ, ಗೀಸರಿನ ಹೊಗೆ ಮೇಲೇರದೆ ಒಳಕ್ಕೇ ತಿರುಗುವ ಸಂಭವವಿದೆ. ಗೀಸರ್ ಹೊರಗೆ, ಬಿಸಿನೀರಿನ ಪೈಪು ಮಾತ್ರ ಒಳಗೆ ಎನ್ನುವುದು ನಾನು ಒಪ್ಪುವ ಒಂದೇ ಏರ್ಪಾಡು. ಹೊಸದು ಕೊಳ್ಳುವವರು ಐಎಸ್ 15558 ಎಂಬ ಐಎಸ್‌ಐ ಗುರುತು ಇದೆಯೇ ಎಂದು ನೋಡಬೇಕು.

ಜೋರಾಪುರ ಪೇಠ, ವಿಜಯಪುರ:
ನವನಗರದವರ ಕಟ್-ಆಫ್ ಪದೇ ಪದೇ ಏಕೆ ಬೀಳುತ್ತಿತ್ತು ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಅದಕ್ಕೆ ಕಾರಣ ನೀರು. ಬೋರಿನ ನೀರು ಎಷ್ಟು ಗಡುಸೆಂದರೆ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಕೆಲವೇ ವಾರಗಳಲ್ಲಿ ಬಿಳಿ ಪದರು ಕಟ್ಟುತ್ತದೆ. ಗೀಸರಿನ ತಾಮ್ರದ ಸುರುಳಿಯ ಒಳಗೂ ಅದೇ ಸುಣ್ಣ ಕಟ್ಟುತ್ತದೆ. ಸುಣ್ಣ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ, ಕೊಳವೆಯ ರಂಧ್ರವೂ ಕಿರಿದಾಗಿ ನೀರು ನಿಧಾನವಾಗುತ್ತದೆ. ಆಗ ತಾಮ್ರ ಅತಿಯಾಗಿ ಕಾದು ಕಟ್-ಆಫ್ ತನ್ನ ಕೆಲಸ ಮಾಡುತ್ತದೆ. ಸಂಕೇತ ಕೊಡುತ್ತಿದ್ದ ಸೆನ್ಸರ್ ಸತ್ಯವನ್ನೇ ಹೇಳುತ್ತಿತ್ತು.

ನಾವು ವರ್ಷಕ್ಕೊಮ್ಮೆ ಗ್ಯಾಸ್ ಮುಚ್ಚಿ, ಸೆಲ್ ತೆಗೆದು, ನೀರಿನ ಎರಡೂ ಜೋಡಣೆ ಬಿಚ್ಚಿ, ಸಿಟ್ರಿಕ್ ಆಮ್ಲ ಕರಗಿಸಿದ ನೀರನ್ನು ಸುರುಳಿಯಲ್ಲಿ ತುಂಬಿ, ಕೆಲವು ಗಂಟೆ ಬಿಟ್ಟು ತೊಳೆಯಿಸುತ್ತೇವೆ. ಇದನ್ನೇ ಶೌಚಾಲಯ ತೊಳೆಯುವ ಆ್ಯಸಿಡ್ಡಿನಿಂದ ಮಾಡಿಸಿದವರ ಸುರುಳಿ ತೂತುಬಿದ್ದು ಹೋಗಿದೆ, ಆ ದಾರಿ ಬೇಡ. ಒಳಬರುವ ನೀರಿನ ಜಾಗದಲ್ಲಿರುವ ಸಣ್ಣ ಜಾಳಿಗೆಯನ್ನೂ ಆಗಲೇ ತೊಳೆಯಬೇಕು.

ಗೋಕಾಕದವ, ಈಗ ಮಿನ್ನೆಸೋಟ:
ಎಲ್ಲ ಓದುತ್ತಿದ್ದೇನೆ. ಇಲ್ಲಿ ನಮ್ಮ ಮನೆಯ ತಳಮಹಡಿಯಲ್ಲಿ ಗ್ಯಾಸಿನ ಫರ್ನೇಸ್ ಇದೆ, ನೀರಿನ ಬದಲು ಇಡೀ ಮನೆಯ ಗಾಳಿಯನ್ನು ಕಾಯಿಸುತ್ತದೆ. ಹೊರಗೆ ಮೈನಸ್ 25 ಇರುವ ರಾತ್ರಿ ಅದು ನಿಂತರೆ ನೀರಿನ ಪೈಪುಗಳೇ ಒಡೆಯುತ್ತವೆ, ಆದ್ದರಿಂದ ಸಂಕೇತ ಓದುವುದನ್ನು ಇಲ್ಲಿ ಎಲ್ಲರೂ ಕಲಿತಿರುತ್ತಾರೆ. ಕ್ರಮ ಹೆಚ್ಚುಕಡಿಮೆ ಫಿಟ್ಟರ್ ಅಣ್ಣಾವರು ಹೇಳಿದ್ದೇ. ಥರ್ಮೋಸ್ಟಾಟ್ ಶಾಖ ಕೇಳಿದಾಗ ಮೊದಲು ಹೊಗೆಯನ್ನು ಹೊರದೂಡುವ ಸಣ್ಣ ಫ್ಯಾನ್ ತಿರುಗುತ್ತದೆ. ಅದು ನಿಜಕ್ಕೂ ಗಾಳಿ ಎಳೆಯುತ್ತಿದೆಯೆಂದು ಪ್ರೆಶರ್ ಸ್ವಿಚ್ ಖಚಿತಪಡಿಸಿದ ಮೇಲೆಯೇ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಆಮೇಲೆ ಗ್ಯಾಸ್ ವಾಲ್ವ್ ತೆರೆಯುತ್ತದೆ, ಬೆಂಕಿಯ ಕಡ್ಡಿ ಸಾಕ್ಷಿ ಹೇಳುತ್ತದೆ, ಸ್ವಲ್ಪ ಹೊತ್ತಿನ ನಂತರ ಬಿಸಿಗಾಳಿಯ ದೊಡ್ಡ ಫ್ಯಾನ್ ಶುರುವಾಗುತ್ತದೆ. ಎಲ್ಲಿ ತಡೆಯಿತೋ ಅದಕ್ಕೆ ತಕ್ಕಂತೆ ಬೋರ್ಡಿನ ಮೇಲಿನ ಸಣ್ಣ ದೀಪ ಇಷ್ಟು ಸಲ ಎಂದು ಮಿನುಗುತ್ತದೆ. ಮಿನುಗಿನ ಅರ್ಥದ ಪಟ್ಟಿಯನ್ನು ಬಾಗಿಲ ಒಳಬದಿಗೇ ಅಂಟಿಸಿರುತ್ತಾರೆ.

ಇಲ್ಲಿಯೂ ಮೆಕ್ಯಾನಿಕ್ಕುಗಳು ಪ್ರೆಶರ್ ಸ್ವಿಚ್ಚಿನ ಸಂಕೇತ ಕಂಡ ಕೂಡಲೇ ಸ್ವಿಚ್ ಬದಲಿಸಿ ಹೋಗುವುದುಂಟು. ಆದರೆ ಹೊಗೆಯ ಪೈಪಿನ ಬಾಯಿಗೆ ಹಿಮ ಕಟ್ಟಿರುತ್ತದೆ, ಇಲ್ಲವೇ ಹೊಗೆ ತಣಿದು ಆದ ನೀರು ಹರಿದುಹೋಗುವ ಕೊಳವೆ ಕಟ್ಟಿರುತ್ತದೆ. ಅತಿಶಾಖದ ಸಂಕೇತ ಬಂದರೆ ಬಹುಪಾಲು ಗಾಳಿಯ ಫಿಲ್ಟರ್ ಕೊಳೆಯಾಗಿರುತ್ತದೆ. ಬೆಂಕಿ ಹೊತ್ತಿ ಕೆಲವೇ ಸೆಕೆಂಡಿಗೆ ಆರುತ್ತಿದ್ದರೆ ಕಡ್ಡಿಯ ಮೇಲೆ ಮಸಿಯೋ ಆಕ್ಸೈಡಿನ ಪದರವೋ ಕೂತಿರುತ್ತದೆ, ನಯವಾದ ಉಕ್ಕಿನ ನಾರಿನಿಂದ ಉಜ್ಜಿದರೆ ಸರಿಹೋಗುತ್ತದೆ. ಹಲವು ಸಲ ಸೋತರೆ ಬೋರ್ಡು ತಾನೇ ಬೀಗ ಹಾಕಿಕೊಂಡು, ಮಾದರಿಗೆ ತಕ್ಕಂತೆ ಒಂದರಿಂದ ಮೂರು ಗಂಟೆ ಸುಮ್ಮನಿರುತ್ತದೆ. ಸಂಕೇತ ಓದುವ ಮೊದಲೇ ವಿದ್ಯುತ್ತು ತೆಗೆದರೆ ಕೆಲವು ಬೋರ್ಡುಗಳಲ್ಲಿ ಅದು ಅಳಿಸಿಹೋಗುತ್ತದೆ.

ಖಡೇಬಜಾರ್ ಕಾಕಾ:
ಇಲ್ಲಿ ಕೇಳಿದ್ದು ತಿಲಕವಾಡಿಯ ಗೀಸರಿನ ವಿಷಯ, ಅಮೆರಿಕದ ಹಿಮ ಯಾಕೆ?

ಲೆಕ್ಕದ ಅಕ್ಕ, ಹನುಮಾನ ನಗರ:
ಕಾಕಾ, ವಿಷಯ ಒಂದೇ. ಅಲ್ಲಿನ ಸಾಮಾನ್ಯ ಮನೆಯ ಫರ್ನೇಸ್ ಗಂಟೆಗೆ 80,000 ಬಿಟಿಯು (ಅಲ್ಲಿನ ಶಾಖದ ಅಳತೆ), ಅಂದರೆ ಸುಮಾರು 23 ಕಿಲೊವ್ಯಾಟ್. ನಮ್ಮ 6 ಲೀಟರಿನ ಗೀಸರ್ 12 ಕಿಲೊವ್ಯಾಟ್. ಅದರ ಅರ್ಧದಷ್ಟು ಬೆಂಕಿಯನ್ನು ನಾವು ಹೊಗೆಯ ಪೈಪೂ ಇಲ್ಲದೆ ಸ್ನಾನದ ಕೋಣೆಯೊಳಗೆ ಇಟ್ಟುಕೊಳ್ಳುತ್ತೇವೆ. ಅವರು ಹೊಗೆ ಹೊರಹೋಗುವುದು ಖಚಿತವಾಗುವವರೆಗೆ ಗ್ಯಾಸನ್ನೇ ಬಿಡುವುದಿಲ್ಲ. ಗೋಕಾಕದವರು ಬರೆದದ್ದರಲ್ಲಿ ನನಗೆ ಮುಖ್ಯವೆನಿಸಿದ್ದು ಅದು.

ಅನಗೋಳದ ಮನೆಯೊಡತಿ:
ಒಂದು ಪ್ರಶ್ನೆ. ನಮ್ಮ ಬಡಾವಣೆಗೆ ಪೈಪ್ ಗ್ಯಾಸ್ ಬಂದಿದೆ. ಒಲೆಯನ್ನು ಬದಲಾಯಿಸಿ ಕೊಟ್ಟರು. ಸಿಲಿಂಡರಿನ ಗೀಸರನ್ನೂ ಅದಕ್ಕೇ ಜೋಡಿಸಬಹುದೆಂದು ನಮ್ಮ ಪ್ಲಂಬರ್ ಹೇಳುತ್ತಾನೆ. ಜೋಡಿಸಿದರೆ ಹೀಗೆಯೇ ಇ-1 ಬರುತ್ತದೆಯೇ?

ಜಮಖಂಡಿ ಫಿಟ್ಟರ್:
ಅಕ್ಕಾವರೇ, ಹಾಗೆ ಜೋಡಿಸಬೇಡಿ. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಮುಖ್ಯವಾಗಿ ಮೀಥೇನ್. ಒಂದೇ ಗಾತ್ರದ ಗ್ಯಾಸಿನಲ್ಲಿ ಸಿಲಿಂಡರಿನ ಅನಿಲಕ್ಕೆ ಅದರ ಸುಮಾರು ಎರಡೂವರೆ ಪಟ್ಟು ಶಾಖವಿರುತ್ತದೆ. ಮನೆಗೆ ಕೊಡುವ ಒತ್ತಡವೂ 30ರ ಬದಲು 21 ಮಿಲಿಬಾರ್. ಆದ್ದರಿಂದಲೇ ನಿಮ್ಮ ಒಲೆಯ ಜೆಟ್‌ಗಳನ್ನು (ಗ್ಯಾಸ್ ಚಿಮ್ಮುವ ಸಣ್ಣ ರಂಧ್ರದ ತುಂಡುಗಳನ್ನು) ಅವರು ಬದಲಾಯಿಸಿದ್ದು. ಸಿಲಿಂಡರಿಗೆಂದು ಕೊರೆದ ಸಣ್ಣ ಜೆಟ್‌ನಿಂದ ಪೈಪಿನ ಗ್ಯಾಸ್ ಹಾಯಿಸಿದರೆ ಬೆಂಕಿ ಬಡಕಲಾಗಿ, ಕಡ್ಡಿಗೆ ತಾಗದೆ, ಖಂಡಿತ ಬೆಂಕಿ ಇಲ್ಲವೆಂಬ ಸಂಕೇತವೇ ಬರುತ್ತದೆ. ಜೆಟ್‌ನ ರಂಧ್ರವನ್ನು ತಾನೇ ದೊಡ್ಡದು ಮಾಡುತ್ತೇನೆಂದು ಪ್ಲಂಬರ್ ಹೇಳಿದರೆ ಮನೆಯಿಂದ ಸಾಗಹಾಕಿ. ನೈಸರ್ಗಿಕ ಅನಿಲಕ್ಕೆಂದೇ ತಯಾರಾದ ಗೀಸರ್ ಸಿಗುತ್ತದೆ, ಅದನ್ನು ಗ್ಯಾಸ್ ಕೊಡುವವರ ಕಡೆಯವರಿಂದಲೇ ಜೋಡಿಸಿಕೊಳ್ಳಬೇಕು.

ತಿಲಕವಾಡಿಯವ, ಬೆಳಗಾವಿ:
ಅಕ್ಕಾವರು ಹೇಳಿದ ಪರೀಕ್ಷೆ ಮಾಡಿದೆವು. ಮಧ್ಯಾಹ್ನ ಗೀಸರ್ ಚೆನ್ನಾಗಿ ಉರಿಯುತ್ತಿರುವಾಗ ಕೆಳಗೆ ಒಂದು ಬರ್ನರ್ ಹಚ್ಚಿದಾಗ ಮೇಲಿನ ಬೆಂಕಿ ಕಣ್ಣಿಗೆ ಕಾಣುವಷ್ಟು ತಗ್ಗಿತು, ಎರಡನೆಯದನ್ನು ಹಚ್ಚಿದ ಸ್ವಲ್ಪ ಹೊತ್ತಿಗೆ ಆರಿ ಇ-1 ಬಂತು. ಒಲೆ ಆರಿಸಿದಾಗ ಮತ್ತೆ ಸರಿಯಾಗಿ ಹೊತ್ತಿತು. ಎಷ್ಟು ಸಲ ಮಾಡಿದರೂ ಇದೇ ಫಲಿತಾಂಶ. ಮೆಕ್ಯಾನಿಕ್‌ಗೆ ಫೋನಿನಲ್ಲಿ ತಿಳಿಸಿದರೆ, ಆದರೂ ಬೋರ್ಡು ಹಳೆಯದು, ಹಾಕಿಸಿಬಿಡಿ ಎನ್ನುತ್ತಾರೆ.

ಶಹಾಪುರ ಪೇಟೆ:
ಬೋರ್ಡು ಅವರ ಚೀಲದಲ್ಲಿ ಆಗಲೇ ಬಂದು ಕೂತಿದೆ, ಅದಕ್ಕೆ ಅವಸರ.

ಜಮಖಂಡಿ ಫಿಟ್ಟರ್:
ನಮ್ಮ ಕಸುಬಿನವರನ್ನು ಸಾರಾಸಗಟಾಗಿ ಹಾಗೆ ಅನ್ನಬೇಡಿ. ಒತ್ತಡ ಅಳೆಯುವ ಮಾಪಕ ಬಹಳ ಮೆಕ್ಯಾನಿಕ್ಕುಗಳ ಹತ್ತಿರ ಇರುವುದೇ ಇಲ್ಲ, ಅಳೆಯಲಾಗದ್ದನ್ನು ಬಿಟ್ಟು ಬದಲಿಸಲು ಬರುವುದನ್ನು ಬದಲಿಸುತ್ತಾರೆ.

ಸಾಹೇಬರೇ, ನಿಮಗೆ ಎರಡು ದಾರಿಗಳಿವೆ. ಹಳೆಯ ರೆಗ್ಯುಲೇಟರ್ ಮತ್ತು ಕಿತ್ತಳೆ ಬಣ್ಣದ ರಬ್ಬರ್ ಪೈಪು ಬದಲಿಸಿ ನೋಡುವುದು ಮೊದಲನೆಯದು. ಆ ಪೈಪಿಗೆ ಹೇಗೂ ಐದು ವರ್ಷದ ಗಡುವು ಇರುತ್ತದೆ, ಅದರ ಮೇಲೆ ಇಸವಿ ಅಚ್ಚಾಗಿರುತ್ತದೆ, ಓದಿ. ಎರಡನೆಯ ಸಂಪರ್ಕವಿದ್ದರೆ ಗೀಸರಿಗೇ ಪ್ರತ್ಯೇಕ ಸಿಲಿಂಡರ್ ಇಡುವುದು ಇನ್ನೊಂದು. ನನ್ನ ಮತ ಎರಡನೆಯದಕ್ಕೇ, ಏಕೆಂದರೆ ಅಷ್ಟು ಉದ್ದದ ಕವಲು ಪೈಪು ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಆದರೆ ಸಿಲಿಂಡರ್ ಬಾಲ್ಕನಿಯಲ್ಲಿ ನೆಟ್ಟಗೆ ನಿಲ್ಲಬೇಕು, ಗೀಸರಿನ ನೇರ ಕೆಳಗೆ ಇರಬಾರದು, ಪಕ್ಕದಲ್ಲಿ ಮೋರಿಯ ಬಾಯಿ ಇರಬಾರದು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ಜೋಡಿಸಿದ ಮೇಲೆ ಸಾಬೂನಿನ ನೊರೆ ಹಚ್ಚಿ ಪರೀಕ್ಷಿಸಿ, ಬೆಂಕಿಕಡ್ಡಿ ಗೀರಬೇಡಿ. ಸೋರಿಕೆಯ ಅನುಮಾನ ಬಂದರೆ 1906ಕ್ಕೆ ಕರೆ ಮಾಡಬಹುದು, ಹಗಲು ರಾತ್ರಿ ಉತ್ತರಿಸುತ್ತಾರೆ.

ತಿಲಕವಾಡಿಯವ, ಬೆಳಗಾವಿ:
ನಮ್ಮ ಸಂಪರ್ಕಕ್ಕೆ ಎರಡು ಸಿಲಿಂಡರ್ ಇವೆ. ಏಜೆನ್ಸಿಯಿಂದ ಎರಡನೆಯ ರೆಗ್ಯುಲೇಟರ್ ಪಡೆದು, ಹೊಸ ಪೈಪು ಹಾಕಿಸಿ, ಗೀಸರಿಗೆ ಪ್ರತ್ಯೇಕ ಮಾಡಿಸಿದೆವು. ಟೀ ತೆಗೆಸಿ ಒಲೆಯ ಸಾಲನ್ನು ನೇರ ಮಾಡಿಸಿದ್ದೇವೆ. ಈಗ ಮುಂಜಾನೆ ಒಲೆಯ ಎರಡೂ ಬರ್ನರ್ ಉರಿಯುತ್ತಿದ್ದರೂ ಗೀಸರ್ ನಿಲ್ಲುತ್ತಿಲ್ಲ. ಹಳೆಯ ಬೋರ್ಡೇ ಇದೆ. ಒಂದು ಸಣ್ಣ ವಿಷಯ ಮಾತ್ರ ಉಳಿದಿದೆ: ಕೆಳಗಿನ ನಳ ಯಾರಾದರೂ ತೆರೆದರೆ ಗೀಸರ್ ಯಾವ ಸಂಕೇತವನ್ನೂ ತೋರಿಸದೆ ಸುಮ್ಮನೆ ಆರುತ್ತದೆ.

ಲೆಕ್ಕದ ಅಕ್ಕ, ಹನುಮಾನ ನಗರ:
ಸಂಕೇತ ಬರದಿರುವುದೇ ಸುಳಿವು. ಬೋರ್ಡಿನ ದೃಷ್ಟಿಯಲ್ಲಿ ನೀವು ನಳ ಮುಚ್ಚಿದ್ದೀರಿ. 10 ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ. ನಿಮ್ಮ ಟಾಕಿ ಗೀಸರಿಗಿಂತ ಐದು ಮೀಟರ್ ಮೇಲಿದ್ದರೂ ಸಿಗುವುದು ಅರ್ಧ ಬಾರ್. ಕೆಳಗಿನ ನಳ ಅದರಲ್ಲೂ ಪಾಲು ಎಳೆದುಕೊಂಡಾಗ ಡಯಾಫ್ರಾಮ್ ಸರಳನ್ನು ಬಿಟ್ಟುಬಿಡುತ್ತದೆ. ಟಾಕಿಯಿಂದ ಗೀಸರಿಗೆ ಪ್ರತ್ಯೇಕ ಪೈಪು ಇಳಿಸಿದರೆ ಸಾಕು, ಆದರೆ ಮೊದಲು ಜಾಳಿಗೆ ತೊಳೆಯಿರಿ, ಅದಕ್ಕೆ ಖರ್ಚಿಲ್ಲ.

ನವನಗರದ ಹುಡುಗ, ಬಾಗಲಕೋಟೆ:
ನಾನು ಇನ್ನೂ ಹೇಳುತ್ತೇನೆ, ನೀವೆಲ್ಲ ತುಸು ಹೆಚ್ಚೇ ಹೆದರಿಸುತ್ತೀರಿ. ಆದರೂ ಮನೆಯಲ್ಲಿ ಅವ್ವ ಇದನ್ನೆಲ್ಲ ಓದಿ ಗೀಸರ್ ಬಂದ್ ಮಾಡಿಸಿ ಹಂಡೆಗೆ ಬೆಂಕಿ ಹಾಕಿದ್ದಾಳೆ. ಗೀಸರನ್ನು ಹೊರಗಿನ ಗೋಡೆಗೆ ಸರಿಸುವವರು ನಾಳೆ ಬರುತ್ತಾರೆ. ಆ ಕಟ್-ಆಫ್ ಅಂಗಡಿಯಲ್ಲಿ ಏನೆಂದು ಕೇಳಬೇಕು?

ಜಮಖಂಡಿ ಫಿಟ್ಟರ್:
ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗು. ಗುಂಡಗಿನ ಲೋಹದ ಮುಖವಿರುವ, ಎರಡು ಕಾಲಿನ ಸಣ್ಣ ತುಂಡು ಅದು, ಅದರ ಮೈಮೇಲೆ ಎಷ್ಟು ಡಿಗ್ರಿಗೆ ಕಡಿಯುತ್ತದೆ ಎಂಬ ಅಂಕಿ ಅಚ್ಚಾಗಿರುತ್ತದೆ. ಅದೇ ಅಂಕಿಯದೇ ಬೇಕು. ಅದು ಇಲ್ಲ, ಹತ್ತು ಡಿಗ್ರಿ ಹೆಚ್ಚಿನದು ಇದೆ, ನಡೆಯುತ್ತದೆ ಎಂದು ಅಂಗಡಿಯವರು ಹೇಳಿದರೆ ಬೇರೆ ಅಂಗಡಿಗೆ ಹೋಗು. ಹಾಕುವಾಗ ಲೋಹದ ಮುಖ ತಾಮ್ರಕ್ಕೆ ಪೂರ್ತಿ ತಾಗಿ ಕೂಡಬೇಕು, ನಡುವೆ ಸಂದು ಉಳಿಯಬಾರದು. ಮತ್ತು ಸುರುಳಿಯ ಸುಣ್ಣ ತೆಗೆಸದೆ ಹೊಸದು ಹಾಕಿದರೆ ಅದೂ ವಾರದೊಳಗೆ ಬೀಳುತ್ತದೆ, ಆಗ ಮತ್ತೆ ಟೇಪು ಹುಡುಕಬೇಡ.